ಬಟ್ಟಲು, ಮದ್ಯ ಮತ್ತು ಹುಣಸೆಹುಳಿ

ಚಿತ್ರಕೋಶಗಳಲ್ಲಿ, ರಸಪ್ರಶ್ನೆ ಪುಸ್ತಕಗಳಲ್ಲಿ, ವಸ್ತುಸಂಗ್ರಹಾಲಯಗಳ ಪರಿಚಯ ಪತ್ರಗಳಲ್ಲಿ ಒಂದು ಬಗೆಯ ಚಿತ್ರ ಆಗಾಗ ಕಾಣಸಿಗುತ್ತದೆ. ಬೆಳ್ಳಿಯದೋ ಕಂಚಿನದೋ ಒಂದು ಅಗಲ ಬಾಯಿಯ, ಆಳವಿಲ್ಲದ ಬಟ್ಟಲು. ಅದಕ್ಕೆ ಹಿಡಿಯಿಲ್ಲ, ಕಾಲಿಲ್ಲ. ಒಳಮೈಯಲ್ಲಿ ನಡುವೆ ಒಂದು ಉಬ್ಬು, ಸುತ್ತ ಹೂವಿನ ಎಸಳುಗಳಂಥ ಗೆರೆಗಳು. ಚಿತ್ರದ ಕೆಳಗೆ ಒಂದು ಸಾಲು: ಪ್ರಾಚೀನ ಪರ್ಷಿಯದಲ್ಲಿ ದೇವತೆಗಳಿಗೆ ಮದ್ಯ ಅರ್ಪಿಸಲು ಬಳಸುತ್ತಿದ್ದ ಪಾತ್ರೆ. ಓದಿದವರು ತಲೆದೂಗಿ ಮುಂದಿನ ಪುಟಕ್ಕೆ ಹೋಗುತ್ತಾರೆ.

ನೀವು ವಿಜ್ಞಾನದ ಅಧ್ಯಾಪಕರೋ ವಿದ್ಯಾರ್ಥಿಗಳೋ ಆಗಿದ್ದರೆ ಈ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂಬುದು ನನ್ನ ಕೋರಿಕೆ. ಏಕೆಂದರೆ ಇದು ಒಂದು ಹೇಳಿಕೆಯಲ್ಲ, ನಾಲ್ಕು ಹೇಳಿಕೆಗಳ ಕಟ್ಟು. ಬಟ್ಟಲು ಪ್ರಾಚೀನ ಎಂಬುದು ಕಾಲದ ಮಾತು. ಪರ್ಷಿಯದ್ದು ಎಂಬುದು ಸ್ಥಳದ ಮಾತು. ಮದ್ಯ ಎಂಬುದು ಅಪ್ಪಟ ರಸಾಯನ ವಿಜ್ಞಾನದ ಮಾತು. ಅರ್ಪಣೆ ಎಂಬುದು ಮನುಷ್ಯರ ನಡವಳಿಕೆಯ ಮಾತು. ಒಂದೊಂದಕ್ಕೂ ಬೇಕಾಗುವ ಸಾಕ್ಷ್ಯ ಬೇರೆ ಬೇರೆ. ಅಡಿಬರಹ ಬರೆದವರು ನಾಲ್ಕನ್ನೂ ಬಟ್ಟಲಿನ ಆಕಾರವೊಂದರಿಂದಲೇ ಎತ್ತಿಕೊಂಡಿರುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ.

ಮೊದಲು ಹೆಸರನ್ನು ನೋಡೋಣ. ಗ್ರೀಕರು ಇಂಥ ಬಟ್ಟಲನ್ನು ಫಿಯಾಲೆ ಎಂದು ಕರೆದರು. ನಡುವಿನ ಉಬ್ಬಿಗೆ ಓಂಫಾಲೋಸ್ ಎಂಬ ಹೆಸರು. ಹೊಕ್ಕುಳು ಎಂದು ಅರ್ಥ. ಒಳಗಿನಿಂದ ಉಬ್ಬಾಗಿ ಕಾಣುವುದು ಹೊರಗಿನಿಂದ ಒಂದು ಗುಳಿ. ಬೆರಳ ತುದಿಗಳನ್ನು ಆ ಗುಳಿಗೆ ಕೊಟ್ಟರೆ ಹಿಡಿಯಿಲ್ಲದ ಬಟ್ಟಲು ಕೈಯಲ್ಲಿ ಅಲುಗದೆ ನಿಲ್ಲುತ್ತದೆ. ಮೀಡಿಯ ದೇಶದ ಅರಮನೆಯ ಪಾನಸೇವಕರು ಬಟ್ಟಲನ್ನು ಮೂರು ಬೆರಳುಗಳ ಮೇಲೆ ಎತ್ತಿ ನೀಡುತ್ತಿದ್ದರೆಂದು ಕ್ಸೆನೊಫೋನ್ ಬರೆದಿದ್ದಾನೆ. ಆಕಾರಕ್ಕೆ ಹೀಗೆ ಒಂದು ಸರಳ ಯಾಂತ್ರಿಕ ಕಾರಣವಿದೆ. ಅದರಲ್ಲಿ ದೇವರೂ ಇಲ್ಲ, ಮಂತ್ರವೂ ಇಲ್ಲ.

ಕನ್ನಡದಲ್ಲಿ ಬರೆಯುವವರು ಇಂಥ ಅರ್ಪಣೆಗೆ ಸಾಮಾನ್ಯವಾಗಿ ತರ್ಪಣ ಎಂಬ ಪದ ಬಳಸುತ್ತಾರೆ. ಸುಂದರವಾದ ಪದ, ಆದರೆ ಅದು ತನ್ನ ಜೊತೆಗೆ ಎಳ್ಳು, ನೀರು, ಪಿತೃಗಳು, ದರ್ಭೆ ಎಲ್ಲವನ್ನೂ ಹೊತ್ತು ತರುತ್ತದೆ. ಓದುಗನ ಮನಸ್ಸಿನಲ್ಲಿ ಪರ್ಷಿಯದ ಬಟ್ಟಲು ನಮ್ಮ ಪಂಚಪಾತ್ರೆ, ಉದ್ಧರಣೆಗಳ ಪಕ್ಕದಲ್ಲಿ ಹೋಗಿ ಕುಳಿತುಬಿಡುತ್ತದೆ. ಅರ್ಧ ಸಾಕ್ಷ್ಯ ಅನುವಾದದಲ್ಲೇ ಹುಟ್ಟಿಕೊಳ್ಳುವುದು ಹೀಗೆ.

ಚಿತ್ರ ಮತ್ತು ಬರಹ ಹೇಳುವುದೇನು?

ಬಟ್ಟಲಿನ ಬಳಕೆಯನ್ನು ತೋರಿಸುವ ಅತ್ಯುತ್ತಮ ಚಿತ್ರಗಳು ಸಿಗುವುದು ಪರ್ಷಿಯನ್ನರಿಗಿಂತ ಮೊದಲಿದ್ದ ಅಸ್ಸೀರಿಯದಲ್ಲಿ. ನಿನೆವೆಯಲ್ಲಿ ಅಶುರ್‌ಬನಿಪಾಲನ ಅರಮನೆಯ ಗೋಡೆಗಳಲ್ಲಿದ್ದ, ಕ್ರಿ.ಪೂ. 645ರ ಸುಮಾರಿನ ಕಲ್ಲಿನ ಉಬ್ಬುಚಿತ್ರಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಒಂದರಲ್ಲಿ ರಾಜ ತಾನು ಕೊಂದ ಸಿಂಹಗಳ ಮೇಲೆ ಬಟ್ಟಲಿನಿಂದ ಮದ್ಯ ಸುರಿಯುತ್ತಿದ್ದಾನೆ. ಇದು ಅರ್ಪಣೆ, ಅನುಮಾನವಿಲ್ಲ. ಇನ್ನೊಂದರಲ್ಲಿ ಅದೇ ರಾಜ ತೋಟದಲ್ಲಿ ದ್ರಾಕ್ಷಿ ಬಳ್ಳಿಯ ಕೆಳಗೆ ಮಂಚದ ಮೇಲೆ ಒರಗಿದ್ದಾನೆ, ಎದುರಿಗೆ ರಾಣಿ ಕುಳಿತಿದ್ದಾಳೆ. ಇಬ್ಬರ ಕೈಯಲ್ಲೂ ಆಳವಿಲ್ಲದ ಬಟ್ಟಲು. ಇದು ಪಾನಗೋಷ್ಠಿ. ಒಂದೇ ಅರಮನೆಯಲ್ಲಿ, ಒಬ್ಬನೇ ರಾಜನ ಕೈಯಲ್ಲಿ, ಒಂದೇ ಬಗೆಯ ಪಾತ್ರೆಗೆ ಎರಡು ಕೆಲಸ. ನಾಳೆ ಅಂಥ ಬಟ್ಟಲೊಂದು ಮಣ್ಣಿನಲ್ಲಿ ಸಿಕ್ಕರೆ ಅದು ಯಾವ ಕೆಲಸದ್ದೆಂದು ಆಕಾರ ಹೇಳಲಾರದು. ಪರ್ಸೆಪೊಲಿಸ್‌ನ ಅಪಾದಾನ ಸಭಾಂಗಣದ ಮೆಟ್ಟಿಲುಗಳ ಉಬ್ಬುಚಿತ್ರಗಳಲ್ಲಿ ಲಿಡಿಯ ಮುಂತಾದ ಪ್ರಾಂತ್ಯಗಳ ಜನ ಬಟ್ಟಲುಗಳನ್ನು ಹೊತ್ತು ತರುತ್ತಿದ್ದಾರೆ. ಅಲ್ಲಿ ಬಟ್ಟಲಿಗೆ ಮೂರನೆಯ ಕೆಲಸ: ಅದು ಕಾಣಿಕೆ, ಅಂದರೆ ತೂಕ ಮಾಡಿದ ಬೆಳ್ಳಿ ಬಂಗಾರ.

ಬರಹದ ಸಾಕ್ಷ್ಯ ಇನ್ನೂ ಸ್ವಾರಸ್ಯದ್ದು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ತನ್ನ ಗ್ರಂಥದ ಮೊದಲ ಭಾಗದಲ್ಲಿ, ಪರ್ಷಿಯನ್ನರು ಬಲಿ ಕೊಡುವಾಗ ವೇದಿಕೆ ಕಟ್ಟುವುದಿಲ್ಲ, ಬೆಂಕಿ ಹೊತ್ತಿಸುವುದಿಲ್ಲ, ಮದ್ಯ ಸುರಿಯುವುದಿಲ್ಲ ಎನ್ನುತ್ತಾನೆ. ಏಳನೆಯ ಭಾಗಕ್ಕೆ ಬಂದರೆ ಕ್ರಿ.ಪೂ. 480ರಲ್ಲಿ ಗ್ರೀಸಿನ ಮೇಲೆ ದಂಡೆತ್ತಿ ಹೊರಟ ಕ್ಸರ್ಕ್ಸಿಸ್ ಚಕ್ರವರ್ತಿ ಸೂರ್ಯೋದಯದ ಹೊತ್ತಿಗೆ ಚಿನ್ನದ ಬಟ್ಟಲಿನಿಂದ ಸಮುದ್ರಕ್ಕೆ ಮದ್ಯ ಸುರಿದು, ಆಮೇಲೆ ಬಟ್ಟಲನ್ನೂ ಒಂದು ಚಿನ್ನದ ದೊಡ್ಡ ಪಾತ್ರೆಯನ್ನೂ ಒಂದು ಕತ್ತಿಯನ್ನೂ ನೀರಿಗೆ ಎಸೆಯುತ್ತಾನೆ. ಅದು ಸೂರ್ಯನಿಗೆ ಕೊಟ್ಟ ಕಾಣಿಕೆಯೋ, ಹಿಂದೆ ಅದೇ ಜಲಸಂಧಿಗೆ ಚಾಟಿಯೇಟು ಹಾಕಿಸಿದ್ದಕ್ಕೆ ಪ್ರಾಯಶ್ಚಿತ್ತವೋ ತನಗೆ ಖಚಿತವಾಗಿ ಗೊತ್ತಿಲ್ಲವೆಂದು ಹೆರೊಡೋಟಸ್ ಅಲ್ಲೇ ಬರೆಯುತ್ತಾನೆ. ಎರಡೂವರೆ ಸಾವಿರ ವರ್ಷದ ಹಿಂದಿನ ಲೇಖಕ ತೋರಿದ ಈ ಎಚ್ಚರಿಕೆ ಇಂದಿನ ಅಡಿಬರಹಗಳಲ್ಲಿ ಕಾಣುವುದಿಲ್ಲ.

ಪರ್ಷಿಯನ್ನರದೇ ದಾಖಲೆ ಬೇಕೆಂದರೆ ಪರ್ಸೆಪೊಲಿಸ್‌ನ ಮಣ್ಣಿನ ಫಲಕಗಳಿವೆ. 1933-34ರಲ್ಲಿ ಕೋಟೆಗೋಡೆಯ ಭಾಗದಲ್ಲಿ ಸಿಕ್ಕ ಇವು ಎಲಮೈಟ್ ಭಾಷೆಯ ಉಗ್ರಾಣದ ಲೆಕ್ಕಗಳು. 1969ರಲ್ಲಿ ರಿಚರ್ಡ್ ಹ್ಯಾಲಕ್ 2087 ಫಲಕಗಳ ಪಾಠವನ್ನು ಪ್ರಕಟಿಸಿದರು. ಯಾವ ದೇವತೆಯ ಸೇವೆಗೆ ಎಷ್ಟು ದ್ರಾಕ್ಷಾಮದ್ಯ, ಎಷ್ಟು ಧಾನ್ಯ ಕೊಡಲಾಯಿತೆಂಬ ನಮೂದುಗಳು ಅಲ್ಲಿವೆ. ಹಾಗಾಗಿ ಪರ್ಷಿಯದಲ್ಲಿ ದೇವರಿಗೆ ಮದ್ಯ ಸಲ್ಲುತ್ತಿತ್ತು ಎಂಬುದು ಗಟ್ಟಿಯಾದ ಸಂಗತಿ. ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಅರ್ಪಿಸಿದ್ದನ್ನು ಕೆಲಸಗಾರರು ಸೇವಿಸಿದರೆಂಬ ಮಾತೂ ಕೆಲವು ಫಲಕಗಳಲ್ಲಿದೆ. ಪ್ರಸಾದ ಹಂಚುವ ನಾಡಿನವರಾದ ನಮಗೆ ಇದು ತಟ್ಟನೆ ಅರ್ಥವಾಗುತ್ತದೆ. ಆದರೆ ಗಮನಿಸಿ, ಈ ನಮೂದುಗಳು ಮದ್ಯದ ಅಳತೆ ಹೇಳುತ್ತವೆ, ಯಾವ ಬಟ್ಟಲಿನಿಂದ ಸುರಿದರೆಂದು ಹೇಳುವುದಿಲ್ಲ. ಬರಹದಲ್ಲಿರುವ ಮದ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿರುವ ಬಟ್ಟಲಿಗೆ ಹೊಯ್ದವರು ನಾವು.

ಅದೇ ಪರ್ಸೆಪೊಲಿಸ್‌ನಲ್ಲಿ ಸಿಕ್ಕ ಹಸಿರು ಕಲ್ಲಿನ ಒರಳು, ಒನಕೆ, ತಟ್ಟೆಗಳ ಕಥೆಯನ್ನೂ ನೆನೆಯಬಹುದು. ಅವುಗಳ ಮೇಲೆ ಶಾಯಿಯಲ್ಲಿ ಅರಮಾಯಿಕ್ ಲಿಪಿಯ ಸಾಲುಗಳಿವೆ. 1970ರಲ್ಲಿ ರೇಮಂಡ್ ಬೌಮನ್ ಅವುಗಳನ್ನು ಹವೋಮ ಎಂಬ ಪವಿತ್ರ ಪಾನೀಯ ಅರೆಯುವ ವಿಧಿಯ ದಾಖಲೆಗಳೆಂದು ಓದಿದರು; ಹವೋಮ ನಮ್ಮ ಸೋಮದ ದಾಯಾದಿ. ಸ್ವಲ್ಪ ಕಾಲದಲ್ಲೇ ಇತರ ವಿದ್ವಾಂಸರು ಅದೇ ಪದಗಳನ್ನು ಮತ್ತೆ ಓದಿ, ಇವು ಖಜಾನೆಯ ಅಧಿಕಾರಿಗಳ ಹೆಸರು, ಸ್ಥಳ, ವರ್ಷ ಹೇಳುವ ಆಡಳಿತದ ಟಿಪ್ಪಣಿಗಳೆಂದು ವಾದಿಸಿದರು. ಪೂಜಾವಿಧಿ ಹೋಗಿ ಸರಕಿನ ಪಟ್ಟಿ ಬಂತು!

ಬೆಳ್ಳಿ ಹಳೆಯದು, ಕೆತ್ತನೆ?

ಈಗ ಕಾಲ ಮತ್ತು ಸ್ಥಳದ ಪ್ರಶ್ನೆ. ಪರ್ಷಿಯದ ಬಟ್ಟಲುಗಳಲ್ಲಿ ಬಹಳ ಹೆಸರಾದವು ನಾಲ್ಕು ಬೆಳ್ಳಿಯ ಬಟ್ಟಲುಗಳು. ಒಂದು ಅಡಿಗೆ ತುಸು ಕಡಿಮೆ ಅಗಲದವು. ಬಾಯಿಯ ಸುತ್ತ ಹಳೆಯ ಪರ್ಷಿಯನ್ ಭಾಷೆಯ ಬೆಣೆಲಿಪಿಯ ಒಂದೇ ಸಾಲು: ಕ್ಸರ್ಕ್ಸಿಸನ ಮಗ ಅರ್ತಕ್ಸರ್ಕ್ಸಿಸ್ ಚಕ್ರವರ್ತಿಯ ಮನೆಯಲ್ಲಿ ಇದನ್ನು ಮಾಡಲಾಯಿತು ಎಂಬುದು ಅದರ ತಾತ್ಪರ್ಯ. ಆ ಚಕ್ರವರ್ತಿಯ ಆಳ್ವಿಕೆ ಕ್ರಿ.ಪೂ. 465ರಿಂದ 424ರವರೆಗೆ. 1935ರಲ್ಲಿ ಅರ್ನ್ಸ್ಟ್ ಹರ್ಟ್ಸ್‌ಫೆಲ್ಡ್ ಈ ಬರಹವನ್ನು ಪ್ರಕಟಿಸಿದರು. ಒಂದು ಬಟ್ಟಲು 1947ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೂ ಇನ್ನೊಂದು 1994ರಲ್ಲಿ ಬ್ರಿಟಿಷ್ ಮ್ಯೂಸಿಯಂಗೂ ಸೇರಿತು. ಉಳಿದೆರಡರಲ್ಲಿ ಒಂದು ವಾಷಿಂಗ್ಟನ್‌ನಲ್ಲಿ, ಒಂದು ತೆಹರಾನ್‌ನಲ್ಲಿ ಇವೆ.

ನಾಲ್ಕರಲ್ಲಿ ಒಂದೂ ಉತ್ಖನನದಲ್ಲಿ ಸಿಕ್ಕಿದ್ದಲ್ಲ. ಎಲ್ಲವೂ ವ್ಯಾಪಾರಿಗಳ ಕೈಯಿಂದ ಬಂದವು. ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲೇ ಕೆಲಸ ಮಾಡಿದ ಆಸ್ಕರ್ ವೈಟ್ ಮಸ್ಕರೆಲ್ಲ ಎಂಬ ಪುರಾತತ್ತ್ವಜ್ಞ ಇಂಥ ವಸ್ತುಗಳ ಮೇಲೆ ಕಟ್ಟಿದ ವಿದ್ವತ್ತನ್ನು ‘ಬಜಾರ್ ಪುರಾತತ್ತ್ವ’ ಎಂದು ಹೀಗಳೆದರು. 2000ದಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಸಮೀಪ ಪ್ರಾಚ್ಯದ ನಕಲಿ ವಸ್ತುಗಳ ದೊಡ್ಡ ಪಟ್ಟಿಯನ್ನೇ ಕೊಟ್ಟರು. ಈ ಬಟ್ಟಲುಗಳ ಮೇಲೂ ಸಂಶಯ ಬಂತು. ಬರಹದ ವ್ಯಾಕರಣ ಅಸಹಜವೆಂದರು ಕೆಲವರು, ಸಹಜವೇ ಎಂದು ಸಮರ್ಥಿಸಿದರು ಮತ್ತೆ ಕೆಲವರು. ಬ್ರಿಟಿಷ್ ಮ್ಯೂಸಿಯಂನವರು ತಮ್ಮ ಬಟ್ಟಲಿನ ಲೋಹವನ್ನು ವಿಶ್ಲೇಷಿಸಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದು ಪ್ರಾಚೀನತೆಗೆ ವಿರುದ್ಧವಾಗಿರಲಿಲ್ಲ.

ಲೋಹದ ವಿಶ್ಲೇಷಣೆ ಇಲ್ಲಿ ಏನನ್ನು ಸಾಧಿಸುತ್ತದೆ, ಏನನ್ನು ಸಾಧಿಸುವುದಿಲ್ಲ ಎಂದು ವಿದ್ಯಾರ್ಥಿಗಳು ತಿಳಿಯಬೇಕು. ಹಿಂದಿನವರು ಸೀಸದ ಅದಿರಿನಿಂದ ಬೆಳ್ಳಿ ತೆಗೆಯುತ್ತಿದ್ದರು. ಅದರಲ್ಲಿ ಸ್ವಲ್ಪ ಚಿನ್ನ, ಸ್ವಲ್ಪ ಸೀಸ ಉಳಿಯುತ್ತಿತ್ತು. ಇಂದಿನ ವಿದ್ಯುದ್ವಿಭಜನೆಯ ಬೆಳ್ಳಿಯಲ್ಲಿ ಇವು ಬಹುಮಟ್ಟಿಗೆ ಇರುವುದಿಲ್ಲ. ಚಿನ್ನ, ಸೀಸ ತೀರ ಇಲ್ಲದಿದ್ದರೆ ವಸ್ತು ಹೊಸದೆಂದು ಹೇಳಬಹುದು. ಇದ್ದರೆ? ಲೋಹ ಹಳೆಯದಿರಬಹುದು ಎಂದಷ್ಟೇ ಹೇಳಬಹುದು. ಹಳೆಯ ನಾಣ್ಯ ಕರಗಿಸಿ ಬಟ್ಟಲು ಮಾಡಬಹುದು, ನಿಜವಾದ ಹಳೆಯ ಬಟ್ಟಲಿಗೆ ಹೊಸ ಬರಹ ಕೆತ್ತಬಹುದು. ಪರೀಕ್ಷೆ ಸುಳ್ಳನ್ನು ಹಿಡಿಯಬಲ್ಲದು, ನಿಜವನ್ನು ಪೂರ್ತಿ ಸಾಬೀತು ಮಾಡಲಾರದು. ಆ ಬಟ್ಟಲುಗಳು ನಿಜವಾದವೇ ಎಂಬ ಒಲವು ನನಗಿದೆ. ಆದರೆ ಮಣ್ಣಿನಲ್ಲಿ ಅವು ಇದ್ದ ಜಾಗವನ್ನು ಯಾರಾದರೂ ಅಳೆದು ಬರೆದಿಟ್ಟಿದ್ದರೆ ಈ ಎಂಬತ್ತು ತೊಂಬತ್ತು ವರ್ಷಗಳ ಜಗಳವೇ ಇರುತ್ತಿರಲಿಲ್ಲ.

ಮದ್ಯದ ಗುರುತು

ನನಗೆ ಹೆಚ್ಚು ಮುಖ್ಯವೆನಿಸುವುದು ಮದ್ಯ ಎಂಬ ಪದ. ಬಟ್ಟಲಿನಲ್ಲಿದ್ದದ್ದು ಮದ್ಯ ಎಂದು ಹೇಗೆ ತಿಳಿಯುವುದು? ಆಲ್ಕೊಹಾಲ್ ಆವಿಯಾಗಿ ಹೋಗುತ್ತದೆ, ಸಕ್ಕರೆಯನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ಉಳಿಯುವುದರಲ್ಲಿ ಮುಖ್ಯವಾದದ್ದು ಟಾರ್ಟಾರಿಕ್ ಆಮ್ಲದ ಲವಣಗಳು. ದ್ರಾಕ್ಷಾಮದ್ಯದ ಪೀಪಾಯಿಗಳ ಒಳಗೋಡೆಗೆ ಗಷ್ಟಾಗಿ ಅಂಟುವ ಹರಳು ಇದೇ. 1769ರಲ್ಲಿ ಕಾರ್ಲ್ ವಿಲ್ಹೆಲ್ಮ್ ಶೀಲೆ ಆಮ್ಲವನ್ನು ಬೇರ್ಪಡಿಸಿದ್ದು ಈ ಹರಳಿನಿಂದ. ಸುಣ್ಣದಂಶವಿರುವ ನೀರು ಸೇರಿದರೆ ಅದು ಕ್ಯಾಲ್ಸಿಯಂ ಟಾರ್ಟರೇಟ್ ಆಗುತ್ತದೆ. ನೀರಿನಲ್ಲಿ ಬಹಳ ಕಡಿಮೆ ಕರಗುವ ಈ ಲವಣ ಪಾತ್ರೆಯ ರಂಧ್ರಗಳಲ್ಲಿ ಸಾವಿರಾರು ವರ್ಷ ಉಳಿಯಬಲ್ಲದು.

ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಮೆಕ್‌ಗವರ್ನ್ ಮತ್ತು ಸಂಗಡಿಗರು 1996ರಲ್ಲಿ ಇರಾನಿನ ಹಾಜಿ ಫಿರೂಜ್ ದಿಬ್ಬದ ಮಣ್ಣಿನ ಜಾಡಿಗಳಲ್ಲಿ ಇದನ್ನು ಕಂಡರು. ಜಾಡಿಗಳ ಕಾಲ ಕ್ರಿ.ಪೂ. 5400ರಿಂದ 5000. ಬಟ್ಟಲಿನ ವಿಷಯಕ್ಕೆ ಇನ್ನೂ ಹತ್ತಿರದ್ದು ಅವರ 1999ರ ಕೆಲಸ. ಟರ್ಕಿಯ ಗೋರ್ಡಿಯನ್‌ನಲ್ಲಿ, ಕ್ರಿ.ಪೂ. 740ರ ಸುಮಾರಿನ ಒಂದು ರಾಜಸಮಾಧಿಯನ್ನು ರಾಡ್ನಿ ಯಂಗ್ 1957ರಲ್ಲಿ ತೆರೆದಿದ್ದರು. ಮರದ ಕೋಣೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಕಂಚಿನ ಪಾತ್ರೆಗಳಿದ್ದವು, ಅವುಗಳಲ್ಲಿ ಸುಮಾರು ನೂರು ಹೊಕ್ಕುಳ ಬಟ್ಟಲುಗಳು. ಇದು ಫ್ರಿಜಿಯನ್ನರ ನಾಡು, ಪರ್ಷಿಯವಲ್ಲ. ಆದರೆ ಬಟ್ಟಲಿನ ಮನೆತನ ಒಂದೇ. ಪಾತ್ರೆಗಳ ತಳದಲ್ಲಿ ಹಳದಿ ಪುಡಿಯಂಥ ಕಿಟ್ಟವಿತ್ತು. ಅಗೆದವರು ಅದನ್ನು ತೊಳೆದು ಚೆಲ್ಲಲಿಲ್ಲ. ಕೆರೆದು ಕಾಗದದ ಚೀಲಗಳಲ್ಲಿ ಹಾಕಿ ಹೆಸರು ಬರೆದಿಟ್ಟರು. ಆಗ ಅದನ್ನು ಪರೀಕ್ಷಿಸಲು ತಕ್ಕ ಉಪಕರಣವಿರಲಿಲ್ಲ. ನಾಲ್ಕು ದಶಕ ಕಳೆದ ಮೇಲೆ ಆ ಚೀಲಗಳು ತೆರೆದವು. ಒಳಗಿದ್ದದ್ದು ಬರೀ ದ್ರಾಕ್ಷಾಮದ್ಯವಲ್ಲ. ದ್ರಾಕ್ಷಾಮದ್ಯ, ಬಾರ್ಲಿಯ ಬಿಯರು, ಜೇನಿನ ಮದ್ಯ ಮೂರೂ ಬೆರೆತ ಪಾನೀಯ. ಆಕಾರ ನೋಡಿ ಚೀಟಿ ಬರೆದಿದ್ದರೆ ಮೂರರಲ್ಲಿ ಎರಡು ಭಾಗ ತಪ್ಪಾಗುತ್ತಿತ್ತು.

ಲೋಹದ ಬಟ್ಟಲಿಗೆ ಇಲ್ಲಿ ಒಂದು ಅನುಕೂಲವಿದೆ. ತಾಮ್ರದ ಅಯಾನುಗಳು ಸೂಕ್ಷ್ಮಜೀವಿಗಳಿಗೆ ವಿಷ. ಹಾಗಾಗಿ ಕಂಚಿನ ಹಸಿರು ಕಿಲುಬಿನ ಒಳಗೆ ಸಿಕ್ಕಿಕೊಂಡ ಸಾವಯವ ವಸ್ತು ಕೊಳೆಯದೆ ಉಳಿಯುವ ಸಾಧ್ಯತೆ ಹೆಚ್ಚು. ನಾವು ಕೊಳಕೆಂದು ಉಜ್ಜಿ ತೆಗೆಯುವ ಕಿಲುಬೇ ಬಟ್ಟಲಿನ ದಫ್ತರ.

ಹಾಗಾದರೆ ಟಾರ್ಟಾರಿಕ್ ಆಮ್ಲ ಸಿಕ್ಕಿತೆಂದರೆ ಮದ್ಯ ಸಿಕ್ಕಂತೆಯೇ? ಯೂರೋಪಿನ, ಪಶ್ಚಿಮ ಏಷ್ಯದ ಲೇಖನಗಳಲ್ಲಿ ಹೆಚ್ಚೂಕಡಿಮೆ ಹಾಗೆಯೇ ವಾದ ಸಾಗುತ್ತದೆ. ಆ ಪ್ರದೇಶದಲ್ಲಿ ಈ ಆಮ್ಲ ಹೇರಳವಾಗಿರುವ ಹಣ್ಣು ದ್ರಾಕ್ಷಿಯೇ ಎಂಬುದು ಅದರ ಆಧಾರ. ಕನ್ನಡ ನಾಡಿನ ಓದುಗ ಇಲ್ಲಿ ನಗಬೇಕು. ನಮ್ಮ ಅಡಿಗೆಮನೆಯ ಹುಣಸೆಹಣ್ಣಿನ ಹುಳಿ ಯಾವುದು? ಅದೇ ಟಾರ್ಟಾರಿಕ್ ಆಮ್ಲ. ದ್ರಾಕ್ಷಿರಸದಲ್ಲಿ ಅದು ಸಾಮಾನ್ಯವಾಗಿ ಶೇಕಡ 1ಕ್ಕಿಂತ ಕಡಿಮೆ; ಹುಣಸೆಯ ತಿರುಳಿನಲ್ಲಿ ಶೇಕಡ 8ರಿಂದ 18ರವರೆಗೆ. ಪಾಶ್ಚರ್ 1848ರಲ್ಲಿ ಟಾರ್ಟರೇಟ್ ಹರಳುಗಳಲ್ಲಿ ಎಡ ಬಲಗಳನ್ನು ಬೇರ್ಪಡಿಸಿ ತೋರಿದ್ದನ್ನು ನೀವು ಓದಿರುತ್ತೀರಿ. ಆ ದಾರಿಯೂ ಇಲ್ಲಿ ನೆರವಿಗೆ ಬಾರದು. ದ್ರಾಕ್ಷಿಯ ಆಮ್ಲವೂ ಹುಣಸೆಯ ಆಮ್ಲವೂ ಒಂದೇ ಬಲಗೈಯ ರೂಪ.

ಈ ಕೊರತೆ ತಜ್ಞರಿಗೆ ಗೊತ್ತಿಲ್ಲವೆಂದಲ್ಲ. 2004ರಲ್ಲಿ ಮರಿಯಾ ರೊಸಾ ಗುವಾಶ್ ಹಾನೆ ಮತ್ತು ಸಂಗಡಿಗರು ಈಜಿಪ್ಟಿನ ಜಾಡಿಗಳಲ್ಲಿ ಟಾರ್ಟಾರಿಕ್ ಆಮ್ಲದ ಜೊತೆಗೆ ಸಿರಿಂಜಿಕ್ ಆಮ್ಲವನ್ನೂ ಹುಡುಕಿದರು. ಕೆಂಪು ದ್ರಾಕ್ಷಿಯ ಮಾಲ್ವಿಡಿನ್ ಎಂಬ ಬಣ್ಣದಿಂದ ಹುಟ್ಟುವ ವಸ್ತು ಅದು. 2020ರಿಂದ ಈಚೆಗೆ ಇನ್ನೊಂದು ಗುಂಪು ಟಾರ್ಟಾರಿಕ್ ಮತ್ತು ಮ್ಯಾಲಿಕ್ ಆಮ್ಲಗಳ ಪ್ರಮಾಣವನ್ನು ಹೋಲಿಸಬೇಕೆಂದಿತು. ಬೇರೆ ಹಣ್ಣುಗಳಲ್ಲಿ ಮ್ಯಾಲಿಕ್ ಹೆಚ್ಚು, ದ್ರಾಕ್ಷಿಯಲ್ಲಿ ಟಾರ್ಟಾರಿಕ್ ಹೆಚ್ಚು. ಒಳ್ಳೆಯ ಸಲಹೆ. ಆದರೆ ಹುಣಸೆಯಲ್ಲೂ ಟಾರ್ಟಾರಿಕ್ಕೇ ಪ್ರಧಾನ. ಇಟಲಿಗೆ ಹೊಲಿದ ಅಂಗಿ ನಮಗೆ ಹಿಡಿಸುವುದಿಲ್ಲ.

ರಾಗಿಗುಡ್ಡದಲ್ಲಿ ಒಂದು ಬಟ್ಟಲು ಸಿಕ್ಕರೆ

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಶಿವಮೊಗ್ಗದ ರಾಗಿಗುಡ್ಡದ ಅಂಚಿನಲ್ಲಿ ಮನೆಯ ಪಾಯ ತೋಡುವಾಗ ಹಸಿರುಗಟ್ಟಿದ ಬಟ್ಟಲೊಂದು ಸಿಗುತ್ತದೆ. ತುಂಗಭದ್ರೆಯ ಕಣಿವೆಯಲ್ಲಿ ಇದು ಅಸಂಭವವೇನಲ್ಲ. ಇದೇ ನದಿಯ ಕೆಳದಂಡೆಯಲ್ಲಿರುವ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ 1965ರಲ್ಲಿ ನಡೆಸಿದ ಉತ್ಖನನ ನವಶಿಲಾಯುಗದಿಂದ ಕಬ್ಬಿಣಯುಗದವರೆಗಿನ ನೆಲೆಯನ್ನು ತೋರಿಸಿದೆ. ಬಟ್ಟಲು ಮನೆಯವರ ಕೈಗೆ ಬರುತ್ತದೆ. ಮೊದಲು ಏನಾಗುತ್ತದೆ? ಹುಣಸೆಹಣ್ಣು, ಉಪ್ಪು, ಬೂದಿ ಹಾಕಿ ಪಳಪಳ ಹೊಳೆಯುವಂತೆ ತಿಕ್ಕುತ್ತಾರೆ. ಆಮೇಲೆ ಊರಿನ ಮೇಷ್ಟರಿಗೆ ತೋರಿಸುತ್ತಾರೆ.

ಆ ತಿಕ್ಕಾಟದಲ್ಲಿ ಎರಡು ನಷ್ಟ. ಹುಣಸೆಯ ಆಮ್ಲ ತಾಮ್ರದ ಆಕ್ಸೈಡ್ ಮತ್ತು ಕಾರ್ಬೊನೇಟುಗಳನ್ನು ಕರಗಿಸುತ್ತದೆ. ತಾಮ್ರದ ಅಯಾನನ್ನು ಟಾರ್ಟರೇಟ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಫೆಹ್ಲಿಂಗ್ ದ್ರಾವಣದಲ್ಲಿ ರೋಶೆಲ್ ಲವಣ ಮಾಡುವ ಕೆಲಸವೇ ಇದು. ಹೀಗೆ ಕಿಲುಬಿನ ಜೊತೆ ಹಳೆಯ ಶೇಷವೆಲ್ಲ ಕೊಚ್ಚಿಹೋಯಿತು, ಇದು ಮೊದಲ ನಷ್ಟ. ಅದರ ಜಾಗದಲ್ಲಿ ಹೊಸ ಟಾರ್ಟರೇಟ್ ಕೂತಿತು, ಇದು ಎರಡನೆಯದು. ಈ ಬಟ್ಟಲನ್ನು ಯಾರಾದರೂ ಪ್ರಯೋಗಾಲಯಕ್ಕೆ ಕಳಿಸಿದರೆ ಟಾರ್ಟಾರಿಕ್ ಆಮ್ಲ ಇದೆ ಎಂಬ ಉತ್ತರ ಬರುತ್ತದೆ. ಪರ್ಷಿಯದ ಚಿತ್ರವೂ ಜೊತೆಗಿದ್ದರೆ ಇನ್ನೇನು, ಪಶ್ಚಿಮ ಏಷ್ಯದ ಮದ್ಯಾರ್ಪಣೆ ಮಲೆನಾಡಿನ ಹೆಬ್ಬಾಗಿಲಿಗೆ ಬಂದಿತ್ತೆಂದು ಲೇಖನವೊಂದು ಸಿದ್ಧ. ಹಳ್ಳಿಯವರನ್ನಷ್ಟೇ ದೂರಬೇಕಿಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ದೊಡ್ಡ ವಸ್ತುಸಂಗ್ರಹಾಲಯಗಳೇ ಹಳೆಯ ಕಂಚನ್ನು ಕ್ಷಾರೀಯ ರೋಶೆಲ್ ಲವಣದಲ್ಲಿ ಅದ್ದಿ ಶುಚಿಗೊಳಿಸುತ್ತಿದ್ದವು. ಅದೂ ಟಾರ್ಟರೇಟೇ.

ಪರೀಕ್ಷೆಯಲ್ಲಿ ಆಮ್ಲ ಸಿಗದಿದ್ದರೂ ಕಥೆ ಮುಗಿಯುವುದಿಲ್ಲ. ಇರಾನಿನ ಒಣನೆಲ, ಸುಣ್ಣದಂಶದ ಮಣ್ಣು ಕ್ಯಾಲ್ಸಿಯಂ ಟಾರ್ಟರೇಟನ್ನು ಕಾಪಾಡುತ್ತವೆ. ಮಲೆನಾಡಿನ ಸುರಿಮಳೆ ಮತ್ತು ಆಮ್ಲೀಯ ಜಂಬಿಟ್ಟಿಗೆ ಮಣ್ಣು ಅದನ್ನು ತೊಳೆದುಹಾಕುತ್ತವೆ. ಮೇಲಾಗಿ ನಮ್ಮ ನಾಡಿನಲ್ಲಿ ದೇವರಿಗೆ ಸಲ್ಲುವ ಮದ್ಯ ದ್ರಾಕ್ಷಿಯದಲ್ಲ. ತುಳುನಾಡಿನಲ್ಲಿ ಭೂತಗಳಿಗೆ ಕಳ್ಳು ಸಲ್ಲುತ್ತದೆ, ಕೊಡಗಿನಲ್ಲಿ ಕಾರಣವರಿಗೆ ಮಾಂಸದಡಿಗೆಯ ಜೊತೆ ಮದ್ಯದ ಎಡೆ ಇಡುತ್ತಾರೆ. ಕಳ್ಳನ್ನು ಟಾರ್ಟಾರಿಕ್ ಆಮ್ಲದಿಂದ ಗುರುತಿಸಲಾಗದು. ಎಡೆಗೆ ಬಾಳೆಲೆ, ತೆಂಗಿನ ಕರಟ ಬಳಸಿದ್ದರೆ ಪಾತ್ರೆಯೇ ಉಳಿಯದು. ನೂರಾರು ವರ್ಷ ನಡೆದ ಅರ್ಪಣೆ ಒಂದು ಚೂರೂ ಸಾಕ್ಷ್ಯ ಬಿಡದೆ ಹೋಗಬಹುದು; ಎಂದೂ ಅರ್ಪಣೆ ಕಾಣದ ಬಟ್ಟಲು ವಸ್ತುಸಂಗ್ರಹಾಲಯದಲ್ಲಿ ಅರ್ಪಣೆಯ ಪಾತ್ರೆಯಾಗಿ ಮೆರೆಯಬಹುದು.

ಹಾಗಾದರೆ ನಮ್ಮ ಕಡೆಯ ಬಟ್ಟಲುಗಳ ಬಗ್ಗೆ ಖಚಿತವಾಗಿ ಏನೂ ಹೇಳಲಾಗದೆ? ಹೇಳಬಹುದು, ಬಹಳ ಚೆನ್ನಾಗಿಯೇ ಹೇಳಬಹುದು, ಲೋಹವನ್ನು ಕೇಳಬೇಕಷ್ಟೆ. ನೀಲಗಿರಿಯ ಶಿಲಾವೃತ್ತ ಸಮಾಧಿಗಳಲ್ಲಿ ಸಿಕ್ಕ ತೆಳು ಕಂಚಿನ ಬಟ್ಟಲುಗಳು ಇದಕ್ಕೆ ಉದಾಹರಣೆ. ಅಲ್ಲಿನ ಕಮಿಷನರ್ ಆಗಿದ್ದ ಜೆ. ಡಬ್ಲ್ಯೂ. ಬ್ರೀಕ್ಸ್ ಅಂಥ ವಸ್ತುಗಳನ್ನು ಸಂಗ್ರಹಿಸಿದರು, ಅವರ ಗ್ರಂಥ 1873ರಲ್ಲಿ ಹೊರಬಂತು. ಎಸಳು ಗೆರೆಗಳ ನಾಜೂಕು ನೋಡಿ ಇವು ಪಶ್ಚಿಮದಿಂದ ಬಂದ ಸರಕೆಂಬ ಅಭಿಪ್ರಾಯವೂ ಇತ್ತು. ಮತ್ತೆ ಅದೇ ಆಕಾರದ ವಾದ! ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಇಂಥ ಪಾತ್ರೆಗಳ ಲೋಹರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಪರಿ��ಕ್ಷಿಸಿದರು. 1995ರಲ್ಲಿ ಇಯಾನ್ ಗ್ಲೋವರ್ ಜೊತೆ ಕೇರಳದ ಕಂಚುಗಾರರ ಇಂದಿನ ವಿಧಾನವನ್ನೂ ದಾಖಲಿಸಿದರು. ಬಟ್ಟಲುಗಳಲ್ಲಿ ತವರ ಶೇಕಡ 22-23ರಷ್ಟಿತ್ತು.

ತವರ ಶೇಕಡ ಹದಿನೈದು ದಾಟಿದರೆ ಕಂಚು ಪೆಡಸಾಗಿ ಬಡಿಯಲಾಗದು ಎಂದು ನಮ್ಮ ಪಠ್ಯಗಳು ಸಾಮಾನ್ಯವಾಗಿ ಹೇಳುತ್ತವೆ. ತಣ್ಣಗಿನ ಕಂಚಿಗೆ ಅದು ನಿಜ. ಆದರೆ ಇಷ್ಟು ತವರವಿರುವ ಮಿಶ್ರಲೋಹ ಸುಮಾರು 586 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬೀಟಾ ಎಂಬ ಪ್ರಾವಸ್ಥೆಗೆ ಹೋಗುತ್ತದೆ. ಕೆಂಪಗೆ ಕಾದ ಆ ಸ್ಥಿತಿಯಲ್ಲಿ ಅದನ್ನು ರೊಟ್ಟಿಯಂತೆ ತಟ್ಟಿ ತೆಳುಮಾಡಬಹುದು. ನಿಧಾನವಾಗಿ ಆರಲು ಬಿಟ್ಟರೆ ಡೆಲ್ಟಾ ಎಂಬ ಗಾಜಿನಂಥ ಸಂಯುಕ್ತ ಹುಟ್ಟಿ ಲೋಹ ಒಡೆಯುತ್ತದೆ. ಆದ್ದರಿಂದ ಕಾದಿರುವಾಗಲೇ ನೀರಿನಲ್ಲಿ ಅದ್ದಿಬಿಡಬೇಕು. ಆಗ ಬೀಟಾ ರಚನೆ ಸೂಜಿಗಳ ರೂಪದಲ್ಲಿ ಸೆರೆಯಾಗಿ ಉಳಿಯುತ್ತದೆ. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಓದುಗರಿಗೆ ಉಕ್ಕನ್ನು ಅದ್ದಿದರೆ ಅದು ಗಡುಸಾಗುತ್ತದೆಂದು ಗೊತ್ತು. ಈ ಕಂಚು ತದ್ವಿರುದ್ಧ: ಅದ್ದಿದರೆ ಪೆಡಸುತನ ಕಡಿಮೆಯಾಗುತ್ತದೆ. ಸೂಜಿ ರಚನೆ ಕಂಡರೆ ಬಟ್ಟಲನ್ನು ಕಾಯಿಸಿ ಬಡಿದು ಅದ್ದಿದ್ದಾರೆಂದು ನಿಸ್ಸಂಶಯವಾಗಿ ಹೇಳಬಹುದು. ಕೇರಳದಲ್ಲಿ ಆ ಕಸುಬು ಇಂದಿನ ಕಾಲದವರೆಗೆ ಉಳಿದು ಬಂದಿರುವುದರಿಂದ ನೀಲಗಿರಿಯ ಬಟ್ಟಲುಗಳನ್ನು ಹೊರದೇಶದ ಸರಕೆನ್ನುವ ಅಗತ್ಯವೂ ತಪ್ಪುತ್ತದೆ. ಇಂಥ ಕಂಚು ತಟ್ಟಿದರೆ ಗಂಟೆಯಂತೆ ಮೊಳಗುತ್ತದೆ; ಕಂಚಿನ ಕಂಠ ಎಂದು ನಾವು ಹೇಳುವುದು ಈ ದನಿಯನ್ನು. ಮಧ್ಯಯುಗದ ಇರಾನಿನಲ್ಲೂ ಇದೇ ಬಗೆಯ ಬಿಳಿಕಂಚಿನ ಪಾನಪಾತ್ರೆಗಳಿದ್ದವು, ಅದಕ್ಕೆ ಸಫೀದ್‌ರೂಯ್ ಎಂಬ ಹೆಸರು.

ಆದರೂ ಲೋಹ ಹೇಳುವುದು ತಯಾರಿಕೆಯನ್ನು. ಅದರಲ್ಲಿ ಏನು ಹಾಕಿದರು, ಯಾರಿಗೆ ಕೊಟ್ಟರು ಎಂಬುದನ್ನು ಕಿಲುಬು ಮತ್ತು ಮಣ್ಣು ಹೇಳಬೇಕು. ಬಟ್ಟಲು ನಿಮ್ಮ ಶಾಲೆಗೆ ಬಂದ ದಿನ ಮಾಡಬೇಕಾದ್ದು ಹೆಚ್ಚೇನಿಲ್ಲ. ಅದನ್ನು ತೊಳೆಯಬೇಡಿ, ಒರೆಸಬೇಡಿ. ಒಳಗಿರುವ ಮಣ್ಣನ್ನು ತೆಗೆಯದೆ ಹಾಗೆಯೇ ಬಿಡಿ. ಒಣ ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಕಿಲುಬು ಹೆಚ್ಚುತ್ತದೆ. ಸಿಕ್ಕಿದ ಜಾಗ, ಆಳ, ಮಗ್ಗುಲಲ್ಲಿ ಮೂಳೆ, ಮಡಕೆ ಚೂರು, ಇದ್ದಿಲು ಇತ್ತೇ ಎಂಬುದನ್ನು ಸಿಕ್ಕವರ ಬಾಯಿಂದಲೇ ಕೇಳಿ ಅಂದೇ ಬರೆದುಕೊಳ್ಳಿ. ಅದೇ ಗುಂಡಿಯ ಬೇರೆ ಕಡೆಯಿಂದ ಒಂದು ಹಿಡಿ ಮಣ್ಣನ್ನೂ ಬೇರೆ ಪೊಟ್ಟಣದಲ್ಲಿ ಇಡಿಸಿ. ಬಟ್ಟಲಿನೊಳಗಿನ ಮಣ್ಣನ್ನು ಯಾವುದಕ್ಕೆ ಹೋಲಿಸಬೇಕೆಂಬ ಪ್ರಶ್ನೆ ಬಂದಾಗ ಅದು ಬೇಕಾಗುತ್ತದೆ. ತಹಶೀಲ್ದಾರರಿಗೆ ಅಥವಾ ರಾಜ್ಯ ಪುರಾತತ್ತ್ವ ಇಲಾಖೆಗೆ ತಿಳಿಸಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಇದೆ. ಶಿವಮೊಗ್ಗದವರಿಗೆ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯವೂ ಹತ್ತಿರ.

ತರಗತಿಯಲ್ಲಿ ಇದನ್ನೆಲ್ಲ ತೋರಿಸಲು ಫೆಂಟನ್ ಪರೀಕ್ಷೆ ಸಾಕು. ಟಾರ್ಟಾರಿಕ್ ಆಮ್ಲದ ದ್ರಾವಣಕ್ಕೆ ಹೊಸದಾಗಿ ಕರಗಿಸಿದ ಫೆರಸ್ ಸಲ್ಫೇಟಿನ ಒಂದೆರಡು ತೊಟ್ಟು, ಹೈಡ್ರೊಜನ್ ಪೆರಾಕ್ಸೈಡಿನ ಒಂದೆರಡು ತೊಟ್ಟು ಹಾಕಿ, ಆಮೇಲೆ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿದರೆ ನೇರಳೆ ಬಣ್ಣ ಬರುತ್ತದೆ. ಮೊದಲು ಶುದ್ಧ ಆಮ್ಲದಲ್ಲಿ ಮಾಡಿ ಬಣ್ಣ ಗುರುತಿಸಿಕೊಳ್ಳಿ. ನಂತರ ಹುಣಸೆ ನೀರು, ಹಸಿರು ದ್ರಾಕ್ಷಿಯ ರಸ ತೆಗೆದುಕೊಳ್ಳಿ. ಎರಡನ್ನೂ ಇದ್ದಿಲಿನ ಪುಡಿಯಲ್ಲಿ ಕುಲುಕಿ ಸೋಸದಿದ್ದರೆ ಅವುಗಳ ಸ್ವಂತ ಬಣ್ಣ ಅಡ್ಡ ಬರುತ್ತದೆ. ಕಪ್ಪು ದ್ರಾಕ್ಷಿ ಬೇಡ. ಕಾಸ್ಟಿಕ್ ಸೋಡ ಕಣ್ಣಿಗೆ ಸಿಡಿಯದಂತೆ ಎಚ್ಚರ ಇರಲಿ. ಕೊನೆಗೆ, ಹುಣಸೆಯಿಂದ ತಿಕ್ಕಿ ಎರಡು ಸಲವಷ್ಟೇ ತೊಳೆದ ಕಂಚಿನ ಲೋಟದ ಮೂರನೆಯ ತೊಳೆನೀರನ್ನು ತುಸು ಬತ್ತಿಸಿ ಅದೇ ಪರೀಕ್ಷೆ ಮಾಡಿಸಿ, ಬಂದ ಫಲಿತಾಂಶದಿಂದ ಲೋಟದಲ್ಲಿ ಏನಿತ್ತೆಂದು ಬರೆಯಲು ವಿದ್ಯಾರ್ಥಿಗಳಿಗೆ ಹೇಳಿ.